ಜರ್ನಲ್ ಪಟ್ಟಿ ಹೋಯಿತು, ಪುರಾವೆ ಕೇಳುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಬಡ್ತಿ ಮುಂತಾದವುಗಳಿಗೆ ಒಪ್ಪಬಹುದಾದ ಸಂಶೋಧನಾ ಪತ್ರಿಕೆಗಳ (ಜರ್ನಲ್‌ಗಳ) ಯುಜಿಸಿ-ಕೇರ್ ಪಟ್ಟಿಯನ್ನು ಕೈಬಿಟ್ಟಿರುವುದಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಯಾವ ಸಂಶೋಧನಾ ಪತ್ರಿಕೆಯನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಇನ್ನು ಮುಂದೆ ಆಯಾ ಸಂಸ್ಥೆಗಳೇ ತೀರ್ಮಾನಿಸಲಿ ಎಂದಿತು. ನೆರವಿಗೆಂದು ಮೂವತ್ತಕ್ಕೂ ಹೆಚ್ಚು ಸೂಚಕ ಅಂಶಗಳನ್ನೂ ಮುಂದಿಟ್ಟಿತು. ಅಧಿಕಾರವೇನೋ ವಿಶ್ವವಿದ್ಯಾಲಯಗಳ ಕೈಗೆ ಬಂತು, ಅದನ್ನು ಬಳಸುವ ಬಗೆ ಇನ್ನೂ ಕಾಣುತ್ತಿಲ್ಲ. ಕೆಲವರು ರದ್ದಾದ ಕೇರ್ ಪಟ್ಟಿಯನ್ನೇ ಹಿಡಿದು ಕೂತಿದ್ದಾರೆ. ಕೆಲವರು ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ದತ್ತಕೋಶವನ್ನು ಮುಂದಿಟ್ಟು, ‘ಅದರಲ್ಲಿದ್ದರೆ ಸರಿ, ಇಲ್ಲದಿದ್ದರೆ ಬೇಡ’ ಎನ್ನುತ್ತಾರೆ. ಮತ್ತೆ ಕೆಲವರಿಗೆ ಐಎಸ್‌ಎಸ್‌ಎನ್ ಎಂಬ ಗುರುತಿನ ಸಂಖ್ಯೆಯೊಂದಿದ್ದರೆ ಸಾಕು. ಈ ಲೇಖನವನ್ನು ವಿಷಯ ಬಲ್ಲವರು ಯಾರಾದರೂ ಪ್ರಕಟಣೆಗೆ ಮುಂಚೆ ಕೂತು ಓದಿದ್ದಾರೆಯೇ ಎಂದು ಈ ಮೂರು ಪಂಗಡದವರಲ್ಲಿ ಯಾರೂ ಕೇಳುವುದಿಲ್ಲ. ಮಾನ್ಯತೆ ಎಂಬುದು ಈ ಪ್ರಶ್ನೆಯ ಸುತ್ತಲೇ ನಿಲ್ಲಬೇಕು, ಉತ್ತರಕ್ಕೆ ಕಾಗದದ ಪುರಾವೆ ಇರಬೇಕು ಎಂಬುದು ನಮ್ಮ ವಾದ.

ಪಟ್ಟಿಗಳ ಕಥೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳುವುದು ಒಳ್ಳೆಯದು. 2017ರಲ್ಲಿ ಆಯೋಗ ತಂದ ಅನುಮೋದಿತ ಪಟ್ಟಿಯಲ್ಲಿ 38 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ಮರುವರ್ಷದ ಮೇ ತಿಂಗಳಲ್ಲಿ ಅದರಿಂದ 4,305 ಹೆಸರುಗಳನ್ನು ಕಿತ್ತುಹಾಕಬೇಕಾಯಿತು. ಅದೇ 2018ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಸ್ಕೋಪಸ್ ಮತ್ತು ಅಂಥದ್ದೇ ದತ್ತಕೋಶವಾದ ವೆಬ್ ಆಫ್ ಸೈನ್ಸ್‌ಗಳಲ್ಲಿ ಇಲ್ಲದ, ಆದರೆ ವಿಶ್ವವಿದ್ಯಾಲಯಗಳ ಶಿಫಾರಸಿನ ಮೇಲೆ ಪಟ್ಟಿ ಸೇರಿದ್ದ 1,009 ಜರ್ನಲ್‌ಗಳನ್ನು ಅದು ಪರಿಶೀಲಿಸಿತ್ತು. ಅವುಗಳಲ್ಲಿ ಸುಮಾರು ಶೇ 88ರಷ್ಟು ಕಳಪೆ ಎಂದು ಕಂಡುಬಂತು. ಕೆಲವಕ್ಕೆ ವಿಳಾಸ, ಸಂಪಾದಕರ ವಿವರವೇ ಇರಲಿಲ್ಲ. ಕೆಲವು ತಪ್ಪು ಐಎಸ್‌ಎಸ್‌ಎನ್, ಸುಳ್ಳು ಇಂಪ್ಯಾಕ್ಟ್ ಫ್ಯಾಕ್ಟರ್ (ಉಲ್ಲೇಖಗಳ ಲೆಕ್ಕದ ಅಂಕ) ಹಾಕಿಕೊಂಡಿದ್ದವು. ಆ ಜರ್ನಲ್‌ಗಳ ಹೆಸರು ಕಳಿಸಿದ್ದು ವಿಶ್ವವಿದ್ಯಾಲಯಗಳೇ. ಈಗ ತೀರ್ಮಾನದ ಅಧಿಕಾರ ಮರಳಿ ಬಂದಿರುವುದೂ ಅವುಗಳಿಗೇ. ವಿಧಾನ ಬದಲಾಗದೆ ಫಲ ಮಾತ್ರ ಬದಲಾಗಲಿ ಎಂದರೆ ಹೇಗೆ?

2019ರ ಜೂನ್‌ನಲ್ಲಿ ಶುರುವಾದ ಕೇರ್ ಪಟ್ಟಿ ಹಿಂದಿನದಕ್ಕಿಂತ ಬಿಗಿಯಾಗಿತ್ತು, ನಿಜ. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಕೇಂದ್ರವೊಂದು ಅದರ ಪರಿಶೀಲನೆಯ ಹೊಣೆ ಹೊತ್ತಿತ್ತು. ಆದರೆ ಕೇಂದ್ರೀಕೃತ ಪಟ್ಟಿಗೆ ಒಂದು ಜನ್ಮದೋಷವಿದೆ. ಪಟ್ಟಿ ಸೇರಿದ ಹೆಸರಿಗೆ ಮಾರುಕಟ್ಟೆ ಬೆಲೆ ಬರುತ್ತದೆ, ಬೆಲೆ ಬಂದದ್ದನ್ನು ಕದಿಯುವವರೂ ಹುಟ್ಟುತ್ತಾರೆ. ಅಚ್ಚಿನಲ್ಲಷ್ಟೇ ಬರುತ್ತಿದ್ದ, ಸ್ವಂತ ಜಾಲತಾಣವಿಲ್ಲದ ಹಳೆಯ ಪ್ರಾಮಾಣಿಕ ಪತ್ರಿಕೆಗಳ ಹೆಸರು ಮತ್ತು ಐಎಸ್‌ಎಸ್‌ಎನ್ ಎತ್ತಿಕೊಂಡು ತದ್ರೂಪಿ ತಾಣ ಕಟ್ಟಿ, ಕೆಲವು ಸಾವಿರ ರೂಪಾಯಿಗೆ ‘ಕೇರ್ ಪ್ರಕಟಣೆ’ ಮಾರಿದ್ದು ಹೀಗೆಯೇ.

ಈಗ ಪುರಾವೆಯ ವಿಷಯ. ಪುರಾವೆಯಂತೆ ಕಂಡರೂ ಅಲ್ಲದ ಸಂಗತಿಗಳಿಂದಲೇ ಶುರು ಮಾಡಬೇಕು, ಏಕೆಂದರೆ ಬಡ್ತಿ ಅರ್ಜಿಗಳಲ್ಲಿ ತುಂಬಿರುವುದು ಅವೇ.

ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕವನ್ನು ಗುರುತಿಸುವ ಎಂಟು ಅಂಕಿಗಳ ಸಂಖ್ಯೆ, ಅಷ್ಟೇ. ಅಡುಗೆ ಪತ್ರಿಕೆಗೂ ಸಿಗುತ್ತದೆ, ಜ್ಯೋತಿಷ ಮಾಸಿಕಕ್ಕೂ ಸಿಗುತ್ತದೆ. ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ವಿಜ್ಞಾನ ಗ್ರಂಥಾಲಯದಲ್ಲಿರುವ ಕೇಂದ್ರ ಇದನ್ನು ಉಚಿತವಾಗಿ ಕೊಡುತ್ತದೆ. ಕೊಡುವಾಗ ಲೇಖನಗಳ ಗುಣಮಟ್ಟವನ್ನು ಯಾರೂ ಅಳೆಯುವುದಿಲ್ಲ. ಆದರೂ ಸಂಖ್ಯೆಯನ್ನು ಪರೀಕ್ಷಿಸುವುದು ವ್ಯರ್ಥವಲ್ಲ. ಮೊದಲ ಏಳು ಅಂಕಿಗಳನ್ನು ಎಡದಿಂದ ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿ. ಮೊತ್ತವನ್ನು 11ರಿಂದ ಭಾಗಿಸಿ. ಬಂದ ಶೇಷವನ್ನು 11ರಲ್ಲಿ ಕಳೆದರೆ ಎಂಟನೆಯ ಅಂಕಿ ಸಿಗಬೇಕು. ಕಳೆದಾಗ 10 ಬಂದರೆ ಆ ಜಾಗದಲ್ಲಿ ರೋಮನ್ ‘ಎಕ್ಸ್’ ಅಕ್ಷರ ಇರುತ್ತದೆ, ಶೇಷವೇ ಸೊನ್ನೆಯಾದರೆ ಸೊನ್ನೆ ಇರುತ್ತದೆ. ‘ಕರೆಂಟ್ ಸೈನ್ಸ್’ನ ಸಂಖ್ಯೆ 0011-3891. ಮೊತ್ತ 65, ಶೇಷ 10, ಆದ್ದರಿಂದ ಕೊನೆಯ ಅಂಕಿ 1. ಸರಿಹೊಂದಿತು. ಈ ಲೆಕ್ಕ ತಪ್ಪಿದರೆ ಸಂಖ್ಯೆಯನ್ನು ಯಾರೋ ಕೂತಲ್ಲೇ ಬರೆದಿದ್ದಾರೆ ಎಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಸರಿಹೊಂದಿದರೆ ಮಾತ್ರ ಏನೂ ಸಾಬೀತಾಗುವುದಿಲ್ಲ. ಸಂಖ್ಯೆ ಕದ್ದದ್ದಾಗಿರಬಹುದು.

ಡಿಒಐ ಕೂಡ ಗುಣಮಟ್ಟದ ಗುರುತಲ್ಲ. ಅದು ಲೇಖನದ ಶಾಶ್ವತ ವಿಳಾಸ. ಝೆನೊಡೊದಂಥ ಮುಕ್ತ ಆನ್‌ಲೈನ್ ಭಂಡಾರಕ್ಕೆ ಯಾರು ಏನು ಏರಿಸಿದರೂ ಒಂದು ಡಿಒಐ ಸಿಗುತ್ತದೆ. ಕೆಲವು ಜರ್ನಲ್‌ಗಳು ಲೇಖನಗಳನ್ನು ಅಲ್ಲಿಗೆ ಏರಿಸಿ, ಸಿಕ್ಕ ಸಂಖ್ಯೆಯನ್ನು ತಮ್ಮದೇ ಎಂಬಂತೆ ಮುದ್ರಿಸುತ್ತವೆ. ಇನ್ನು ಕೆಲವು ‘10.’ ಎಂದು ಶುರುವಾಗುವ ಸುಳ್ಳು ಸಂಖ್ಯೆಯನ್ನೇ ಹಾಕುತ್ತವೆ. ಡಿಒಐ ತಾಣದಲ್ಲಿ ಆ ಸಂಖ್ಯೆ ಕೊಟ್ಟು ನೋಡಿ. ತೆರೆದುಕೊಂಡರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಗಮನಿಸಿದರೆ ಸಾಕು.

‘ಆರ್‌ಎನ್‌ಐ ನೋಂದಾಯಿತ’ ಎಂದು ಮುಖಪುಟದಲ್ಲಿ ದೊಡ್ಡದಾಗಿ ಹಾಕಿಕೊಳ್ಳುವ ಜರ್ನಲ್‌ಗಳೂ ಇವೆ. ಅದು ಸುದ್ದಿಪತ್ರಿಕೆಗಳಿಗೆ ಸಂಬಂಧಿಸಿದ ನೋಂದಣಿ. 2023ರ ಪತ್ರಿಕಾ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆಯ ವ್ಯಾಖ್ಯೆಯಂತೂ ವೈಜ್ಞಾನಿಕ, ತಾಂತ್ರಿಕ, ಶೈಕ್ಷಣಿಕ ಸ್ವರೂಪದ ಜರ್ನಲ್‌ಗಳನ್ನು ‘ನಿಯತಕಾಲಿಕ’ದಿಂದ ಹೊರಗೇ ಇಟ್ಟಿದೆ. ಅಂದಮೇಲೆ ಆ ಹೆಗ್ಗಳಿಕೆಗೆ ಏನರ್ಥ ಎಂದು ಅರ್ಜಿದಾರರೇ ಹೇಳಬೇಕು.

ಇಂಪ್ಯಾಕ್ಟ್ ಫ್ಯಾಕ್ಟರ್ ವಿಷಯದಲ್ಲಿ ನಡೆಯುವ ವಂಚನೆ ಇನ್ನೂ ದೊಡ್ಡದು. ಜರ್ನಲ್‌ನ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಇಂಪ್ಯಾಕ್ಟ್ ಫ್ಯಾಕ್ಟರ್. ಆ ಹೆಸರಿನ ಮೂಲ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸುವುದು ಕ್ಲಾರಿವೇಟ್ ಸಂಸ್ಥೆ. ಹೆಸರಿನ ಮುಂದೆ ‘ಗ್ಲೋಬಲ್’, ‘ಯೂನಿವರ್ಸಲ್’, ‘ಸೈಂಟಿಫಿಕ್’ ಎಂಬ ಪದ ಅಂಟಿಸಿಕೊಂಡು, ಹಣ ಪಡೆದು ಅಂಕ ಹಂಚುವ ಅಂಗಡಿಗಳ ಲೆಕ್ಕಕ್ಕೆ ಬೆಲೆಯಿಲ್ಲ. ಗುರುತಿಸಲು ಸುಲಭದ ದಾರಿಗಳಿವೆ. 2023ರಿಂದ ಕ್ಲಾರಿವೇಟ್ ಒಂದೇ ದಶಮಾಂಶ ಸ್ಥಾನ ಕೊಡುತ್ತಿದೆ. ಆದ್ದರಿಂದ ಈಚಿನ ವರ್ಷಕ್ಕೆ ‘7.842’ ಎಂದು ಮುದ್ರಿಸಿದ್ದರೆ ಅಲ್ಲೇ ಅನುಮಾನ ಪಡಿ. ವರ್ಷ ತುಂಬದ ಜರ್ನಲ್‌ಗೆ ಅಂಕವಿದ್ದರೆ, ಭಾಗಿಸಲು ಹಿಂದಿನ ಎರಡು ವರ್ಷದ ಲೇಖನಗಳು ಎಲ್ಲಿದ್ದವು ಎಂದು ಕೇಳಿ. ಕ್ಲಾರಿವೇಟ್‌ನ ಮಾಸ್ಟರ್ ಜರ್ನಲ್ ಲಿಸ್ಟ್ ಉಚಿತ, ಸ್ಕೋಪಸ್‌ನ ಮೂಲಗಳ ಪಟ್ಟಿಯೂ ಉಚಿತ. ಎರಡರಲ್ಲೂ ಐಎಸ್‌ಎಸ್‌ಎನ್ ಕೊಟ್ಟು ಹುಡುಕಲು ಚಂದಾ ಬೇಕಿಲ್ಲ. ಆಯೋಗದ 2018ರ ನೇಮಕಾತಿ ಮತ್ತು ಬಡ್ತಿ ನಿಯಮಾವಳಿ ಇಂಪ್ಯಾಕ್ಟ್ ಫ್ಯಾಕ್ಟರನ್ನು ‘ಥಾಮ್ಸನ್ ರಾಯಿಟರ್ಸ್ ಪಟ್ಟಿ’ಯಂತೆ ನಿರ್ಧರಿಸಬೇಕು ಎನ್ನುತ್ತದೆ. ಆ ವಹಿವಾಟು 2016ರಲ್ಲೇ ಥಾಮ್ಸನ್ ರಾಯಿಟರ್ಸ್ ಕೈಬಿಟ್ಟು ಹೋಗಿತ್ತು. ನಿಯಮ ಬರೆಯುವವರೇ ಇಷ್ಟು ಹಿಂದಿದ್ದರೆ ಪರಿಶೀಲನಾ ಸಮಿತಿಯನ್ನು ದೂರುವುದು ಕಷ್ಟ.

ಹಾಗಾದರೆ ನಿಜವಾದ ಪುರಾವೆ ಯಾವುದು? ಎಲ್ಲಕ್ಕಿಂತ ಗಟ್ಟಿಯಾದದ್ದು, ಖರ್ಚಿಲ್ಲದ್ದು, ಲೇಖಕರ ಇಮೇಲ್‌ನಲ್ಲೇ ಬಿದ್ದಿರುತ್ತದೆ. ತಜ್ಞರ ಪರಿಶೀಲನೆ ನಡೆದಿದ್ದರೆ ಲೇಖಕರ ಬಳಿ ನಾಲ್ಕು ಕಡತಗಳು ಇದ್ದೇ ಇರುತ್ತವೆ: ಮೊದಲು ಕಳಿಸಿದ ಕರಡು, ತಜ್ಞರ ಟಿಪ್ಪಣಿಗಳೊಂದಿಗೆ ಸಂಪಾದಕರು ಬರೆದ ಪತ್ರ, ಪ್ರತಿ ಟಿಪ್ಪಣಿಗೆ ಲೇಖಕರು ಕೊಟ್ಟ ಉತ್ತರ, ತಿದ್ದಿದ ಕರಡು. ಬಡ್ತಿ ಅರ್ಜಿಯ ಜೊತೆ ಈ ನಾಲ್ಕನ್ನೂ ಲಗತ್ತಿಸಬೇಕು ಎಂದು ವಿಶ್ವವಿದ್ಯಾಲಯವೊಂದು ಒಂದು ಸಾಲಿನ ಸುತ್ತೋಲೆ ಹೊರಡಿಸಿದರೆ ಕಳಪೆ ಪ್ರಕಟಣೆಗಳಲ್ಲಿ ಬಹುಪಾಲು ಅರ್ಜಿಯ ಹಂತದಲ್ಲೇ ಉದುರುತ್ತವೆ. ಗೋಪ್ಯತೆಗೆ ಧಕ್ಕೆ ಬರುತ್ತದೆ ಎಂಬ ಆಕ್ಷೇಪ ಬರಬಹುದು. ಸಾಮಾನ್ಯವಾಗಿ ಟಿಪ್ಪಣಿಗಳು ಲೇಖಕರಿಗೆ ಬರುವಾಗಲೇ ತಜ್ಞರ ಹೆಸರು ತೆಗೆದಿರುತ್ತದೆ. ಸಮಿತಿಯ ಕಡತದಿಂದ ಅವು ಹೊರಗೆ ಹೋಗಬೇಕಿಲ್ಲ.

ಟಿಪ್ಪಣಿಯಿದ್ದರೆ ಸಾಲದು, ಅದನ್ನು ಓದಬೇಕು. ‘ವಿಷಯ ಚೆನ್ನಾಗಿದೆ, ವ್ಯಾಕರಣ ನೋಡಿಕೊಳ್ಳಿ, ಪ್ರಕಟಿಸಬಹುದು’ ಎಂಬ ಮೂರು ಸಾಲನ್ನು ಯಾವ ಲೇಖನಕ್ಕೆ ಬೇಕಾದರೂ ಲಗತ್ತಿಸಬಹುದು. ನಿಜವಾದ ಟಿಪ್ಪಣಿ ಈ ಲೇಖನಕ್ಕೆ ಮಾತ್ರ ಹೊಂದುತ್ತದೆ: ಎರಡನೆಯ ಕೋಷ್ಟಕದ ಮೊತ್ತ ಕೂಡುತ್ತಿಲ್ಲ, ಮಾದರಿಯನ್ನು ಹೇಗೆ ಆರಿಸಿದಿರಿ ಎಂದು ಹೇಳಿಲ್ಲ, ಈ ಶಾಸನದ ಪಾಠವನ್ನು ಯಾವ ಸಂಪುಟದಿಂದ ತೆಗೆದುಕೊಂಡಿರಿ ಎಂಬಂಥ ಪ್ರಶ್ನೆಗಳು ಅದರಲ್ಲಿರುತ್ತವೆ. ಈಚೆಗೆ ಯಂತ್ರದಿಂದ ಬರೆಸಿದ ಉದ್ದುದ್ದ ಟಿಪ್ಪಣಿಗಳೂ ಬರುತ್ತಿವೆ. ಅವುಗಳಲ್ಲಿ ಹೊಗಳಿಕೆ ಹೆಚ್ಚು, ಪುಟಸಂಖ್ಯೆ ಕಡಿಮೆ. ಮೊದಲ ಕರಡನ್ನೂ ಅಚ್ಚಾದ ಲೇಖನವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬೇಗ ತಿಳಿಯುತ್ತದೆ. ಒಂದು ವಾಕ್ಯವೂ ಬದಲಾಗಿರದಿದ್ದರೆ ಅಲ್ಲಿ ನಡೆದದ್ದು ಬರೀ ಮುದ್ರಣ.

ಲೇಖನದ ಮೊದಲ ಪುಟದಲ್ಲಿ ‘ಸ್ವೀಕರಿಸಿದ್ದು, ತಿದ್ದಿದ್ದು, ಒಪ್ಪಿದ್ದು’ ಎಂಬ ಮೂರು ದಿನಾಂಕಗಳಿರಬೇಕು. ಮೂರು ದಿನದಲ್ಲಿ ಒಪ್ಪಿಗೆ ಸಿಕ್ಕಿದ್ದರೆ ಇಬ್ಬರು ತಜ್ಞರು ಓದಿ, ಬರೆದು, ಲೇಖಕರು ತಿದ್ದಿ ಮುಗಿಸಿದರು ಎಂದು ನಂಬುವುದು ಹೇಗೆ? ಆದರೆ ದಿನಾಂಕವನ್ನೂ ಮನಬಂದಂತೆ ಅಚ್ಚು ಹಾಕಬಹುದು. ಅದಕ್ಕೇ ಇಮೇಲ್‌ನ ದಿನಾಂಕದ ಜೊತೆ ತಾಳೆ ನೋಡಬೇಕು ಎನ್ನುವುದು.

ಸಂಪಾದಕ ಮಂಡಳಿಯ ಹೆಸರುಗಳಲ್ಲಿ ನಾಲ್ಕೈದನ್ನು ಆರಿಸಿ, ಅವರ ಸಂಸ್ಥೆಯ ಪುಟದಲ್ಲಿ ಸಿಗುವ ಇಮೇಲ್‌ಗೆ ನೇರವಾಗಿ ಬರೆದು ಕೇಳಿ. ಜರ್ನಲ್‌ನ ತಾಣದಲ್ಲಿರುವ ವಿಳಾಸಕ್ಕೆ ಬರೆದರೆ ಉತ್ತರಿಸುವವರು ಜರ್ನಲ್‌ನವರೇ ಆಗಿರಬಹುದು. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲದ ಪ್ರಾಧ್ಯಾಪಕರು ಕಡಿಮೆಯೇನಿಲ್ಲ. ಇನ್ನು ಸಂಚಿಕೆಯ ಗಾತ್ರ. ಇಬ್ಬರು ಸಂಪಾದಕರಿರುವ ಮಾಸಿಕದಲ್ಲಿ ತಿಂಗಳಿಗೆ ಮುನ್ನೂರು ಲೇಖನ ಬಂದರೆ, ಲೇಖನಕ್ಕೆ ಇಬ್ಬರಂತೆ ಆರು ನೂರು ಪರಿಶೀಲನೆಗಳು ಯಾವ ಕೈಗಳಿಂದ ನಡೆದವು? ವಾಣಿಜ್ಯ, ಕನ್ನಡ ಸಾಹಿತ್ಯ, ನ್ಯಾನೊ ತಂತ್ರಜ್ಞಾನ, ಯೋಗ ಎಲ್ಲವೂ ಒಂದೇ ರಟ್ಟಿನೊಳಗೆ ಇದ್ದರೆ ಮುಂದಕ್ಕೆ ನೋಡುವ ಅಗತ್ಯವೇ ಇಲ್ಲ.

ಒಳಗಿನವರೇ ಒಳಗಿನವರಿಗಾಗಿ ನಡೆಸುವ ಪತ್ರಿಕೆಯ ಸಮಸ್ಯೆ ಬೇರೆ ಬಗೆಯದು. ಇದರಲ್ಲಿ ವಂಚನೆ ಇರಲೇಬೇಕೆಂದಿಲ್ಲ, ಸಲುಗೆ ಇರುತ್ತದೆ. ಮುಕ್ತ ಪ್ರವೇಶದ ಜರ್ನಲ್‌ಗಳ ಅಂತರರಾಷ್ಟ್ರೀಯ ಸೂಚಿ ಡಿಒಎಜೆ ಇದಕ್ಕೆ ಅಳತೆಯೊಂದನ್ನು ಇಟ್ಟಿದೆ. ಇತ್ತೀಚಿನ ಎರಡು ಸಂಚಿಕೆಗಳಲ್ಲಿ ಸಂಪಾದಕರು, ಮಂಡಳಿ ಸದಸ್ಯರು ಅಥವಾ ಪರಿಶೀಲಕರು ಬರೆದ ಸಂಶೋಧನಾ ಲೇಖನಗಳ ಪಾಲು ಶೇ 25 ಮೀರಬಾರದು. ಸಂಶೋಧನಾ ಪತ್ರಿಕೆಗಳ ನಾರ್ವೆಯ ರಾಷ್ಟ್ರೀಯ ನೋಂದಣಿಯಲ್ಲಿ ಒಂದೇ ಸಂಸ್ಥೆಯ ಲೇಖಕರು ಮೂರನೆಯ ಎರಡು ಪಾಲಿಗಿಂತ ಹೆಚ್ಚಿರುವ ಪತ್ರಿಕೆಗೆ ಮಾನ್ಯತೆಯಿಲ್ಲ. ಇದನ್ನು ಎಣಿಸಲು ಪರಿವಿಡಿ ಮತ್ತು ಪೆನ್ಸಿಲ್ ಸಾಕು. ನಮ್ಮ ವಿಶ್ವವಿದ್ಯಾಲಯಗಳು ತಾವೇ ಹೊರತರುವ ಪತ್ರಿಕೆಗಳ ಮೇಲೆ ಈ ಲೆಕ್ಕ ಮಾಡಿ ನೋಡಲಿ, ಮೊದಲು.

ತದ್ರೂಪಿ ಜರ್ನಲ್‌ಗಳನ್ನು ಹಿಡಿಯಲು ಒಂದು ಶಿಸ್ತು ಬೇಕು. ಗೂಗಲ್‌ನಲ್ಲಿ ಹೆಸರು ಹಾಕಿ ಮೊದಲು ಬಂದ ತಾಣಕ್ಕೆ ಹೋಗಬಾರದು. ನಕಲಿಯವರು ಅಲ್ಲಿ ಮೇಲೆ ಕಾಣಲು ಶ್ರಮ ಹಾಕಿರುತ್ತಾರೆ. ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಸಂಖ್ಯೆ ಕೊಟ್ಟು ದಾಖಲೆ ತೆರೆಯಿರಿ. ಪ್ರಕಾಶಕರ ಹೆಸರು, ದೇಶ, ಮಾಧ್ಯಮ ಅಚ್ಚೋ ಆನ್‌ಲೈನೋ ಎಂಬುದು ಅಲ್ಲಿರುತ್ತದೆ. ಅಚ್ಚಿಗೂ ಆನ್‌ಲೈನ್‌ಗೂ ಪ್ರತ್ಯೇಕ ಐಎಸ್‌ಎಸ್‌ಎನ್ ಇರಬೇಕಾದ್ದರಿಂದ, ಅಚ್ಚಿನ ಸಂಖ್ಯೆ ಮಾತ್ರ ಇರುವ ಪತ್ರಿಕೆಯ ಹೆಸರಿನಲ್ಲಿ ಆನ್‌ಲೈನ್ ತಾಣವೊಂದು ಲೇಖನ ಆಹ್ವಾನಿಸುತ್ತಿದ್ದರೆ ಅಲ್ಲಿಯೇ ನಿಲ್ಲಿ. ತಾಣದ ವಿಳಾಸ (ಡೊಮೇನ್) ಯಾವಾಗ ನೋಂದಣಿಯಾಯಿತು ಎಂಬುದನ್ನು ಹೂಈಸ್ (WHOIS) ಎಂಬ ಆನ್‌ಲೈನ್ ಹುಡುಕಾಟ ಹೇಳುತ್ತದೆ. 1970ರ ದಶಕದಿಂದ ಬರುತ್ತಿರುವ ತ್ರೈಮಾಸಿಕದ ತಾಣ ಹೋದ ವರ್ಷ ಹುಟ್ಟಿದ್ದರೆ ಕಾರಣ ಕೇಳಬೇಕು. ತಾಣದಲ್ಲಿ ಹಳೆಯ ಸಂಚಿಕೆಗಳು ಇವೆಯೇ, ಇದ್ದರೆ ಗ್ರಂಥಾಲಯದಲ್ಲಿರುವ ಅಚ್ಚಿನ ಪ್ರತಿಯ ಪರಿವಿಡಿಗೆ ಹೊಂದುತ್ತವೆಯೇ ಎಂದು ನೋಡುವುದು ಕೊನೆಯ ಹೆಜ್ಜೆ. ಈ ಹೆಜ್ಜೆಯಲ್ಲಿ ನಕಲಿ ಪಾರಾಗುವುದು ಕಷ್ಟ. ಹಿಂಪಡೆದ ಲೇಖನಗಳ ಮೇಲೆ ಕಣ್ಣಿಡುವ ರಿಟ್ರಾಕ್ಷನ್ ವಾಚ್ ತಾಣ ನಡೆಸುವ ಅಪಹೃತ (ಹೆಸರು ಕದ್ದ) ಜರ್ನಲ್‌ಗಳ ಪಟ್ಟಿಯನ್ನೂ ನೋಡಬಹುದು. ಆದರೆ ಅದರಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದು ಅರ್ಥವಲ್ಲ.

‘ಇಷ್ಟೆಲ್ಲ ಯಾಕೆ, ಸ್ಕೋಪಸ್ ಸಾಕಲ್ಲ’ ಎನ್ನುವವರಿಗೆ ಎರಡು ಉತ್ತರಗಳಿವೆ. ಮೊದಲನೆಯದು, ದೊಡ್ಡ ದತ್ತಕೋಶಗಳೂ ದೊಡ್ಡ ಪ್ರಕಾಶಕರೂ ಎಡವುತ್ತಾರೆ. ವೈಲಿ ಒಡೆತನದ ಹಿಂದಾವಿ ಪ್ರಕಾಶನ 2023ರಲ್ಲಿ 8 ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಿತು. ಬಹುಪಾಲು ವಿಶೇಷ ಸಂಚಿಕೆಗಳಲ್ಲಿ, ಅತಿಥಿ ಸಂಪಾದಕರ ಮೂಲಕ ನುಸುಳಿದಂಥವು. ಅದೇ ವರ್ಷ ಕ್ಲಾರಿವೇಟ್ 50ಕ್ಕೂ ಹೆಚ್ಚು ಜರ್ನಲ್‌ಗಳನ್ನು ವೆಬ್ ಆಫ್ ಸೈನ್ಸ್‌ನಿಂದ ಹೊರಗೆ ಹಾಕಿತು. ಜರ್ನಲ್‌ಗಳಿಗೆ ಮಟ್ಟ ನಿಗದಿ ಮಾಡುವ ಫಿನ್ಲೆಂಡ್‌ನ ಪ್ರಕಟಣಾ ವೇದಿಕೆ 2025ರ ಆರಂಭದಿಂದ ಎಂಡಿಪಿಐ ಮತ್ತು ಫ್ರಾಂಟಿಯರ್ಸ್ ಪ್ರಕಾಶನಗಳ 271 ಜರ್ನಲ್‌ಗಳನ್ನು ಸೊನ್ನೆ ಮಟ್ಟಕ್ಕೆ ಇಳಿಸಿತು. ಅವುಗಳಲ್ಲಿ ಅನೇಕವು ಈ ದತ್ತಕೋಶಗಳಲ್ಲಿ ಇದ್ದಂಥವೇ. ದತ್ತಕೋಶದ ಹೆಸರು ಪರಿಶೀಲನೆಯನ್ನು ಹಗುರ ಮಾಡಬಹುದು, ಇಲ್ಲವಾಗಿಸಲಾರದು.

ಎರಡನೆಯದು ಕನ್ನಡಕ್ಕೆ ಸಂಬಂಧಿಸಿದ್ದು. ಸ್ಕೋಪಸ್ ಸೇರಲು ಲೇಖನದ ಶೀರ್ಷಿಕೆ ಮತ್ತು ಸಾರಾಂಶ ಇಂಗ್ಲಿಷಿನಲ್ಲಿ, ಉಲ್ಲೇಖಗಳು ರೋಮನ್ ಲಿಪಿಯಲ್ಲಿ ಇರಬೇಕು. ಹಳಗನ್ನಡ ಛಂದಸ್ಸು, ಹಸ್ತಪ್ರತಿ, ಶಾಸನ, ಜನಪದ ಕುರಿತು ಕನ್ನಡದಲ್ಲೇ ಬರೆಯುವ ಸಂಶೋಧಕರಿಗೆ ‘ಸ್ಕೋಪಸ್ ಮಾತ್ರ’ ಎಂಬ ನಿಯಮ ಹಾಕಿದರೆ, ಕನ್ನಡದಲ್ಲಿ ಬರೆಯಬೇಡಿ ಎಂದು ಹೇಳಿದಂತೆಯೇ. ಅಷ್ಟೇ ಅಲ್ಲ, ಆ ಲೇಖನಗಳನ್ನು ಪರಿಶೀಲಿಸಬಲ್ಲ ಓದುಗರು ಇರುವುದು ಕನ್ನಡದಲ್ಲೇ.

ಹಾಗೆಂದು ಭಾಷೆಯ ಹೆಸರಿನಲ್ಲಿ ರಿಯಾಯಿತಿ ಕೇಳುತ್ತಿಲ್ಲ. ಕನ್ನಡದ ಸಂಶೋಧನಾ ಪತ್ರಿಕೆಗಳಲ್ಲಿ ಅನೇಕವು ಅತಿ ಸಣ್ಣ ಕಾರಣಗಳಿಗೆ ಪರೀಕ್ಷೆಯಲ್ಲಿ ಬೀಳುತ್ತವೆ. ಪರಿಶೀಲನೆ ಹೇಗೆ ನಡೆಯುತ್ತದೆ ಎಂದು ಎಲ್ಲೂ ಬರೆದಿರುವುದಿಲ್ಲ. ಸಂಚಿಕೆ ತಡವಾಗಿ, ಎರಡು ಮೂರು ಸಂಚಿಕೆ ಒಟ್ಟಿಗೆ ಸೇರಿ ಬರುತ್ತದೆ. ಲೇಖಕರ ಸಂಸ್ಥೆಯ ಹೆಸರಿರುವುದಿಲ್ಲ, ಅಡಿಟಿಪ್ಪಣಿಗಳಿಗೆ ಏಕರೂಪವಿಲ್ಲ. ಇವನ್ನೆಲ್ಲ ಸರಿಪಡಿಸಲು ಹಣ ಬೇಕಿಲ್ಲ.

ಹೆಚ್ಚು ಕಾಡುವುದು ಅಕ್ಷರದ ಸಮಸ್ಯೆ. ಪೇಜ್‌ಮೇಕರ್‌ನಲ್ಲಿ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್ ಬಳಸಿ ಪುಟ ಕಟ್ಟಿ, ಅದರಿಂದಲೇ ಪಿಡಿಎಫ್ ಮಾಡುವ ರೂಢಿ ಇನ್ನೂ ಇದೆ. ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರ್‌ಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇಂಥ ಲೇಖನ ಹುಡುಕಾಟದಲ್ಲಿ ಸಿಗುವುದಿಲ್ಲ, ಸೂಚಿಗಳಿಗೆ ಸೇರುವುದಿಲ್ಲ. ಕೃತಿಚೌರ್ಯ ಪತ್ತೆಯ ತಂತ್ರಾಂಶಕ್ಕೆ ಕೊಟ್ಟರೆ ಸಾಮ್ಯತೆ ಸೊನ್ನೆಯ ಹತ್ತಿರ ಬರುತ್ತದೆ. ಆ ಸೊನ್ನೆಯನ್ನೇ ಸ್ವಂತಿಕೆಯ ಪ್ರಮಾಣಪತ್ರ ಮಾಡಿಕೊಂಡವರೂ ಇದ್ದಾರೆ. ಆಯೋಗದ 2018ರ ಕೃತಿಚೌರ್ಯ ತಡೆ ನಿಯಮ ಶೇ 10ರವರೆಗಿನ ಸಾಮ್ಯತೆಗೆ ದಂಡವಿಲ್ಲ ಎನ್ನುತ್ತದೆ. ಓದಲಾಗದ ಅಕ್ಷರಕ್ಕೆ ಆ ಮಿತಿಯೇ ಅನ್ವಯಿಸದು. ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ಇಮೇಲ್‌ನಲ್ಲಿ ಅಂಟಿಸಿ ನೋಡಿದರೆ ಯೂನಿಕೋಡ್ (ಕಂಪ್ಯೂಟರ್ ಕನ್ನಡವೆಂದೇ ಓದಬಲ್ಲ ಅಕ್ಷರ ಸಂಕೇತ) ಹೌದೋ ಅಲ್ಲವೋ ಗೊತ್ತಾಗುತ್ತದೆ. ಕನ್ನಡ ಜರ್ನಲ್‌ಗೆ ಮಾನ್ಯತೆ ಕೊಡುವಾಗ ಯೂನಿಕೋಡ್ ಪಠ್ಯವನ್ನು ಕಡ್ಡಾಯ ಮಾಡಬೇಕು. ಹಳೆಯ ಸಂಚಿಕೆಗಳಿಗೆ ಬೇಕಿದ್ದರೆ ಎರಡು ವರ್ಷದ ಗಡುವು ಕೊಡಲಿ.

ಉಳಿದ ಸಲಕರಣೆ ಉಚಿತವಾಗಿಯೇ ಸಿಗುತ್ತದೆ. ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಲೇಖನ ಬಂದ ದಿನದಿಂದ ಪ್ರಕಟವಾಗುವ ದಿನದವರೆಗಿನ ಪ್ರತಿ ಹೆಜ್ಜೆಯೂ ದಾಖಲಾಗುತ್ತದೆ. ಅದೇ ತಂಡದ ಸಂರಕ್ಷಣಾ ಜಾಲ ಸೇರಿಕೊಂಡರೆ ತಾಣ ಮುಚ್ಚಿದರೂ ಲೇಖನಗಳು ಉಳಿಯುತ್ತವೆ. ತಗಲುವ ಖರ್ಚು ಸರ್ವರ್ ಮತ್ತು ಡೊಮೇನ್‌ಗೆ ಮಾತ್ರ, ಅದನ್ನು ವಿಶ್ವವಿದ್ಯಾಲಯವೇ ಕೊಡಬಹುದು. ನಿಜಕ್ಕೂ ಕಷ್ಟವಿರುವುದು ಪರಿಶೀಲಕರ ವಿಷಯದಲ್ಲಿ. ಶಾಸನ ಅಧ್ಯಯನದಂಥ ಸಣ್ಣ ಕ್ಷೇತ್ರದಲ್ಲಿ ಎಲ್ಲರಿಗೂ ಎಲ್ಲರ ಬರವಣಿಗೆಯ ಗುರುತು ಸಿಗುತ್ತದೆ. ಹೆಸರು ಮುಚ್ಚಿದರೂ ಲೇಖಕರು ಯಾರೆಂದು ಎರಡನೆಯ ಪುಟದಲ್ಲೇ ಗೊತ್ತಾಗುತ್ತದೆ. ಅಲ್ಲಿ ಇಬ್ಬದಿ ಗೋಪ್ಯತೆ (ಲೇಖಕರಿಗೂ ಪರಿಶೀಲಕರಿಗೂ ಪರಸ್ಪರರ ಹೆಸರು ತಿಳಿಯದಿರುವುದು) ಇಲ್ಲ ಎಂಬ ಒಂದೇ ಕಾರಣಕ್ಕೆ ಪತ್ರಿಕೆಯನ್ನು ತಿರಸ್ಕರಿಸುವುದು ಸರಿಯಲ್ಲ. ಬದಲಿಗೆ, ಪರಿಶೀಲಕರು ಲೇಖಕರ ವಿಭಾಗದವರಾಗಿರಬಾರದು, ಮಾರ್ಗದರ್ಶಕರೋ ಶಿಷ್ಯರೋ ಆಗಿರಬಾರದು, ಕಳೆದ ಮೂರು ವರ್ಷಗಳಲ್ಲಿ ಜೊತೆಗೆ ಬರೆದಿರಬಾರದು ಎಂಬ ನಿಯಮ ಸಾಕು. ವರ್ಷದ ಕೊನೆಯ ಸಂಚಿಕೆಯಲ್ಲಿ ಆ ವರ್ಷ ನೆರವಾದ ಎಲ್ಲ ಪರಿಶೀಲಕರ ಹೆಸರನ್ನು, ಯಾವ ಲೇಖನವೆಂದು ಹೇಳದೆ, ಪ್ರಕಟಿಸಿದರೆ ಪರಿಶೀಲನೆ ನಡೆದದ್ದಕ್ಕೆ ಅದೂ ಒಂದು ಸಾಕ್ಷಿ.

ಪುಸ್ತಕ ಪ್ರಕಾಶಕರ ವಿಷಯಕ್ಕೆ ಬಂದರೆ ಪರಿಸ್ಥಿತಿ ಇನ್ನೂ ಸಡಿಲ. 2018ರ ನೇಮಕಾತಿ ಮತ್ತು ಬಡ್ತಿ ನಿಯಮಾವಳಿಯ ಕೋಷ್ಟಕ ಅಂತರರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 12 ಅಂಕ, ರಾಷ್ಟ್ರೀಯ ಪ್ರಕಾಶಕರದ್ದಕ್ಕೆ 10, ಸಂಪಾದಿತ ಪುಸ್ತಕದ ಅಧ್ಯಾಯಕ್ಕೆ 5 ಎನ್ನುತ್ತದೆ. ‘ರಾಷ್ಟ್ರೀಯ’ ಅಂದರೆ ಯಾರು ಎಂಬುದಕ್ಕೆ ಕೆಲಸಕ್ಕೆ ಬರುವ ಅಳತೆಗೋಲು ಪರಿಶೀಲನಾ ಸಮಿತಿಗಳ ಕೈಯಲ್ಲಿಲ್ಲ. ಹೀಗಾಗಿ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಇದ್ದರೆ ರಾಷ್ಟ್ರೀಯ ಎಂಬ ವಾಡಿಕೆ ಬೆಳೆದಿದೆ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಐಎಸ್‌ಬಿಎನ್ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ಸ್ವಂತ ಪುಸ್ತಕ ಅಚ್ಚು ಮಾಡಿಸುವ ಲೇಖಕರಿಗೂ ಸಿಗುತ್ತದೆ. ಒಂದು ದಿನದ ವಿಚಾರ ಸಂಕಿರಣ, ನೋಂದಣಿ ಶುಲ್ಕ, ಮರುದಿನವೇ ಒಂದು ಐಎಸ್‌ಬಿಎನ್ ಅಡಿಯಲ್ಲಿ ಮೂರು ಮೂರು ಪುಟದ ಎಂಬತ್ತು ‘ಅಧ್ಯಾಯ’ಗಳು. ಎಂಬತ್ತು ಜನರಿಗೆ ಐದೈದು ಅಂಕ.

ಪ್ರಕಾಶಕರನ್ನು ಅಳೆಯಲು ಕೇಳಬೇಕಾದ್ದು ಹೆಚ್ಚಿಲ್ಲ. ಹಸ್ತಪ್ರತಿಯನ್ನು ಹೊರಗಿನ ವಿದ್ವಾಂಸರು ಓದಿ ಕೊಟ್ಟ ವರದಿ ಇದೆಯೇ? ಮುದ್ರಣದ ಪೂರ್ತಿ ಖರ್ಚನ್ನು ಲೇಖಕರೇ ಕೊಟ್ಟಿದ್ದಾರೆಯೇ, ಕೊಟ್ಟಿದ್ದರೆ ಒಪ್ಪಂದದಲ್ಲಿ ಹಾಗೆಂದು ಬರೆದಿದೆಯೇ? ಪ್ರಕಾಶನಕ್ಕೆ ಹೆಸರು ಗೊತ್ತಿರುವ ವಿಷಯ ಸಂಪಾದಕರು ಇದ್ದಾರೆಯೇ? 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಪ್ರತಿ ತಲುಪಬೇಕು. ಕಳಿಸಿದ್ದಕ್ಕೆ ರಸೀದಿ ಇದೆಯೇ? ಕೊನೆಯ ಪ್ರಶ್ನೆ ಗುಣಮಟ್ಟ ಹೇಳುವುದಿಲ್ಲ, ಒಪ್ಪುತ್ತೇವೆ. ಪುಸ್ತಕ ಅರ್ಜಿಗಾಗಿ ಹತ್ತು ಪ್ರತಿ ಅಚ್ಚಾದದ್ದೋ, ಓದುಗರಿಗಾಗಿ ಬಂದದ್ದೋ ಎಂಬುದನ್ನು ಮಾತ್ರ ಹೇಳುತ್ತದೆ. ಕರ್ನಾಟಕದ ಹಳ್ಳಿ ಪಟ್ಟಣಗಳಿಂದ ಗಟ್ಟಿ ಸಂಶೋಧನಾ ಗ್ರಂಥಗಳನ್ನು ತಂದ ಸಣ್ಣ ಪ್ರಕಾಶಕರಿದ್ದಾರೆ. ವಿದೇಶದ ವಿಳಾಸ ಹಾಕಿಕೊಂಡು ಪ್ರಬಂಧಗಳನ್ನು ಓದದೆಯೇ ಪುಸ್ತಕ ಮಾಡುವ ಕಂಪನಿಗಳೂ ಇವೆ. ವಿಳಾಸ ನೋಡಿ 12, 10 ಎಂದು ಅಂಕ ಹಾಕುವ ಪದ್ಧತಿಯಲ್ಲಿ ಎರಡನೆಯವರೇ ಗೆಲ್ಲುತ್ತಾರೆ.

ವಿಶ್ವವಿದ್ಯಾಲಯ ಮಾಡಬೇಕಾದ ಏರ್ಪಾಡು ದೊಡ್ಡದೇನಲ್ಲ. ಐವರ ಸಮಿತಿ ಸಾಕು. ಒಬ್ಬರು ಗ್ರಂಥಪಾಲಕರು, ಒಬ್ಬರು ಸಂಶೋಧನಾ ವಿಭಾಗದವರು, ಮೂವರು ವಿಷಯ ತಜ್ಞರು. ಆ ಮೂವರಲ್ಲಿ ಕನಿಷ್ಠ ಇಬ್ಬರು ಹೊರಗಿನವರಾಗಿರಲಿ. ಅರ್ಜಿ ಬಂದ 30 ದಿನದೊಳಗೆ ತೀರ್ಮಾನ ಆಗಬೇಕು, ಇಲ್ಲದಿದ್ದರೆ ಸಂಶೋಧನಾ ವಿದ್ಯಾರ್ಥಿ ಲೇಖನ ಕೈಯಲ್ಲಿ ಹಿಡಿದು ಕಾಯುತ್ತಾ ಕೂರುತ್ತಾನೆ. ತೀರ್ಮಾನವನ್ನು ತಾಣದಲ್ಲಿ ಹಾಕುವಾಗ ‘ಮಾನ್ಯ’, ‘ಅಮಾನ್ಯ’ ಎಂಬ ಒಂದು ಪದ ಸಾಲದು. ಯಾವ ಪುರಾವೆ ನೋಡಿದೆವು, ಯಾವ ದಿನ ನೋಡಿದೆವು, ಯಾವ ಅಂಶದಲ್ಲಿ ಬಿತ್ತು ಎಂದು ನಾಲ್ಕು ಸಾಲು ಬರೆಯಬೇಕು. ಕಾರಣ ಬರೆದಿದ್ದರೆ ಪ್ರಾಮಾಣಿಕ ಸಂಪಾದಕರು ತಿದ್ದಿಕೊಂಡು ಮತ್ತೆ ಬರುತ್ತಾರೆ. ಎರಡು ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಬೇಕು, ಜರ್ನಲ್‌ಗಳು ಕೈಬದಲಾಗುತ್ತವೆ, ಒಳ್ಳೆಯ ಹೆಸರನ್ನು ಕೊಂಡುಕೊಂಡು ಕೆಡಿಸುವವರಿದ್ದಾರೆ.

ಇನ್ನೊಂದು ನಿಯಮ ಬರವಣಿಗೆಯಲ್ಲೇ ಇರಬೇಕು. ಲೇಖನ ಕಳಿಸಿದ ದಿನ ಜರ್ನಲ್ ಮಾನ್ಯವಾಗಿತ್ತೇ ಎಂಬುದನ್ನು ನೋಡಬೇಕೇ ಹೊರತು, ಐದು ವರ್ಷದ ನಂತರ ಬಡ್ತಿ ಸಂದರ್ಶನದ ದಿನ ಏನಾಗಿದೆ ಎಂಬುದನ್ನಲ್ಲ. ಸ್ಕೋಪಸ್‌ನ ಮೂಲಗಳ ಪಟ್ಟಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಪತ್ರಿಕೆ ಸೇರಿತ್ತು ಎಂದು ತೋರಿಸುತ್ತದೆ. ಲೇಖನ ಕಳಿಸುವ ದಿನ ಆ ಪುಟವನ್ನು ದಿನಾಂಕ ಸಹಿತ ಪಿಡಿಎಫ್ ಮಾಡಿ ಇಟ್ಟುಕೊಳ್ಳುವಂತೆ ಪ್ರತಿ ಸಂಶೋಧನಾ ವಿದ್ಯಾರ್ಥಿಗೂ ಮೊದಲ ವರ್ಷವೇ ಹೇಳಿಕೊಡಬೇಕು. ಸಮಿತಿಯ ತೀರ್ಮಾನ ತಪ್ಪೆನಿಸಿದವರಿಗೆ ಮೇಲ್ಮನವಿಯ ದಾರಿ ಇರಲಿ, ಅದನ್ನು ಕೇಳುವವರು ಮೊದಲ ಸಮಿತಿಯವರಾಗಿರಬಾರದು.

ಒಂದೇ ಜರ್ನಲನ್ನು ರಾಜ್ಯದ ಹತ್ತಾರು ವಿಶ್ವವಿದ್ಯಾಲಯಗಳು ಹತ್ತಾರು ಸಲ ಪರಿಶೀಲಿಸುವುದು ದಂಡ. ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಈ ಸಮಿತಿಗಳು ಬರೆದ ಕಾರಣಗಳನ್ನೆಲ್ಲ ಒಂದೆಡೆ ಹುಡುಕಲು ಸಿಗುವಂತೆ ಮಾಡಿದರೆ ಸಾಕು. ತೀರ್ಮಾನಗಳು ಬೇರೆ ಬೇರೆಯಾಗಿದ್ದರೂ ಚಿಂತೆಯಿಲ್ಲ, ಕಾರಣಗಳು ಎಲ್ಲರಿಗೂ ಕಾಣುವಂತಿರಲಿ. ಮುಂದಿನ ಶೈಕ್ಷಣಿಕ ವರ್ಷದ ಬಡ್ತಿ ಅರ್ಜಿಗಳು ಕರೆಯುವುದಕ್ಕೆ ಮುಂಚೆ ಇದನ್ನು ಶುರು ಮಾಡಬೇಕೆಂದು ಪರಿಷತ್ತನ್ನೂ ಕುಲಪತಿಗಳನ್ನೂ ಕೋರುತ್ತೇವೆ.

ಇತಿ,
ವಿಶ್ವವಿದ್ಯಾಲಯ ಗ್ರಂಥಪಾಲಕರು ಮತ್ತು ಸಂಶೋಧನಾ ಮಾರ್ಗದರ್ಶಕರ ಒಂದು ಗುಂಪು